ಗುರುವಾರ ಮಧ್ಯಾಹ್ನ ಎರಡು ಗಂಟೆ: ಜೊಹಾನ್ಸ್‌ಬರ್ಗ್‌ನ ಒಂದು ಪ್ರಕರಣ

ಒಂದೇ ಚರ್ಚಿನಲ್ಲಿ ಹೆಂಗಸರ ಕೂಟ ಎರಡು ಇದ್ದವು. ಬುಧವಾರ ಬೆಳಿಗ್ಗೆ ಒಂದು, ಗುರುವಾರ ಮಧ್ಯಾಹ್ನ ಇನ್ನೊಂದು. ಎರಡನ್ನೂ ಸೇರಿಸಿ ಒಂದು ಮಾಡೋಣ ಅಂತ ಹೊರಟೆವು. ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದನ್ನು ಪೂರ್ತಿ ಬರೆದಿಡಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು. ಸೇರಿಸೋಣ ಅಂತ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಹಾಜರಿ ಪುಸ್ತಕ, ಸಭೆಯ ನಡಾವಳಿ ಎಲ್ಲ ಬರೆದದ್ದೂ ನಾನೇ.

ಊರು ಜೊಹಾನ್ಸ್‌ಬರ್ಗ್. ನಗರದ ಉತ್ತರ ಭಾಗದ ಒಂದು ಮೆಥೊಡಿಸ್ಟ್ ಸಭೆ. ಮೆಥೊಡಿಸ್ಟ್ ಅಂದರೆ ಪ್ರೊಟೆಸ್ಟೆಂಟರ ಒಂದು ಪಂಗಡ, ಸಭೆ ಅಂದರೆ ಚರ್ಚು ಮತ್ತು ಅದರ ಜನ. ಸಭೆಯ ಹೆಸರಾಗಲಿ, ಜನರ ಹೆಸರಾಗಲಿ ಇಲ್ಲಿ ಹಾಕುವುದಿಲ್ಲ. ಯಜಮಾನರ ಕೆಲಸದ ಮೇಲೆ ನಾಲ್ಕು ವರ್ಷ ಅಲ್ಲಿದ್ದೆವು. ನಾನು ತುಮಕೂರಿನ ಕಡೆಯವಳು, ಸಿಎಸ್‌ಐ, ಅಂದರೆ ಮೆಥೊಡಿಸ್ಟರೂ ಸೇರಿಕೊಂಡ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯಲ್ಲಿ ಬೆಳೆದವಳು. ನಮ್ಮಮ್ಮ ಸ್ತ್ರೀಯರ ಕೂಟ ಒಂದು ವಾರವೂ ತಪ್ಪಿಸಿದವರಲ್ಲ. ವೆಸ್ಲಿಯನ್ ಮಿಷನ್‌ನವರು, ಅಂದರೆ ಮೆಥೊಡಿಸ್ಟ್ ಮಿಷನರಿಗಳು, ದಕ್ಷಿಣ ಆಫ್ರಿಕಾಕ್ಕೆ ಹೋದದ್ದು 1816ರಲ್ಲಿ, ಬೆಂಗಳೂರಿಗೆ ಬಂದದ್ದು 1821ರಲ್ಲಿ. ಹೆಚ್ಚುಕಡಿಮೆ ಒಂದೇ ಬೇರು. ಅಲ್ಲಿ ಆರಾಧನೆಗೆ ಹೋದ ಮೊದಲ ಭಾನುವಾರವೇ ಎರಡು ಹಾಡಿನ ರಾಗ ನನಗೆ ಬಾಯಿಪಾಠ ಇದ್ದವು. ಮಾತು ಮಾತ್ರ ಬೇರೆ.

ಬುಧವಾರದ ಕೂಟಕ್ಕೆ ವುಮೆನ್ಸ್ ಫೆಲೋಶಿಪ್ ಅಂತ ಹೆಸರು. ಬೆಳಿಗ್ಗೆ ಹತ್ತಕ್ಕೆ ಶುರು. ಜಾಸ್ತಿ ಬರುವವರು ಕೆಲಸದಿಂದ ನಿವೃತ್ತರಾದ ಬಿಳಿಯ ಹೆಂಗಸರು, ಜೊತೆಗೆ ನನ್ನಂಥ ನಾಲ್ಕೈದು ಭಾರತೀಯರು, ಒಬ್ಬಿಬ್ಬರು ಕಪ್ಪು ಟೀಚರ್‌ಗಳು. ಟೀ, ಬಿಸ್ಕತ್ತು, ಸತ್ಯವೇದದ (ಬೈಬಲಿನ) ಒಂದು ಭಾಗ, ಸರದಿಯ ಪ್ರಕಾರ ಪ್ರಾರ್ಥನೆ, ಆಮೇಲೆ ಅನಾಥಾಶ್ರಮದ ಮಕ್ಕಳಿಗೆ ಉಣ್ಣೆಯ ಕಂಬಳಿ ಹೆಣೆಯುವುದು. ಒಳ್ಳೆಯ ಹೆಂಗಸರು. ಮೊದಲ ಚಳಿಗಾಲದಲ್ಲಿ ನನಗೆ ಕೋಟು ತಂದುಕೊಟ್ಟವರು ಅವರೇ, ಮಗನಿಗೆ ರಾತ್ರಿ ಜ್ವರ ಏರಿದಾಗ ಕಾರು ತಂದವರೂ ಅವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ ಯಾರೂ ಅವರನ್ನು ಕೆಟ್ಟವರು ಅಂದುಕೊಳ್ಳಬಾರದು.

ಗುರುವಾರದ್ದು ಮನ್ಯಾನೊ. ಖೋಸಾ ಭಾಷೆಯಲ್ಲಿ ಒಂದಾಗುವುದು, ಕೂಡುವುದು ಅಂತ ಅರ್ಥ. ಮಧ್ಯಾಹ್ನ ಎರಡಕ್ಕೆ, ಹಿಂದುಗಡೆಯ ಸಣ್ಣ ಹಾಲ್‌ನಲ್ಲಿ. ಬರುವವರು ಬಹುಪಾಲು ಸುತ್ತಲಿನ ಬಂಗಲೆಗಳಲ್ಲಿ ಮನೆಗೆಲಸ ಮಾಡುವವರು. ಕೆಲವರು ಅದೇ ಮನೆಯ ಹಿತ್ತಿಲ ಕೋಣೆಯಲ್ಲಿ ಇರುವವರು, ಇನ್ನು ಕೆಲವರು ಕಪ್ಪು ಜನರ ಬಡಾವಣೆಯಾದ ಅಲೆಕ್ಸಾಂಡ್ರಾದಿಂದ ಟ್ಯಾಕ್ಸಿ ಅನ್ನುವ ವ್ಯಾನುಗಳಲ್ಲಿ ದಿನಾ ಬಂದು ಹೋಗುವವರು.

ನಾನು ಮೊದಲ ಸಲ ಅವರನ್ನು ನೋಡಿದ್ದು ಹಾಲ್ ಒಳಗಲ್ಲ, ಹೊರಗಿನ ನಲ್ಲಿಯ ಹತ್ತಿರ. ಒಬ್ಬರು ಗೇಟು ದಾಟಿ ಬಂದರು. ಮನೆಗೆಲಸದ ಏಪ್ರನ್, ತಲೆಗೆ ಬಟ್ಟೆ, ಕಾಲಿಗೆ ಸವೆದ ಕ್ಯಾನ್ವಾಸ್ ಶೂ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಮುಖ ತೊಳೆದರು. ಶೌಚಾಲಯದೊಳಗೆ ಹೋದರು. ಹೊರಗೆ ಬಂದಾಗ ಕೆಂಪು ಜಾಕೆಟ್, ಬಿಳಿ ಕಾಲರ್, ಕಪ್ಪು ಸ್ಕರ್ಟು, ಕಪ್ಪು ಶೂ. ಕಿಟಕಿಯ ಗಾಜು ನೋಡಿಕೊಂಡು ಬಿಳಿ ಟೋಪಿ ಸರಿ ಮಾಡಿಕೊಂಡರು, ಎದೆಯ ಮೇಲೆ ಪದಕದ ಪಿನ್ನು ಚುಚ್ಚಿಕೊಂಡರು, ಏಪ್ರನ್ನನ್ನು ನಾಲ್ಕು ಮಡಿಕೆ ಮಾಡಿ ಅದೇ ಚೀಲಕ್ಕೆ ತುರುಕಿದರು. ಬರುವಾಗ ಬಗ್ಗಿದ್ದ ಬೆನ್ನು ಒಳಗೆ ಹೋಗುವಾಗ ನೆಟ್ಟಗಿತ್ತು. ಬಾಗಿಲ ಬಳಿ ಇದ್ದವರು ಅವರಿಗೆ ‘ಮಾಮಾ’ ಅಂದು ಎರಡೂ ಕೈ ಚಾಚಿದರು. ಆ ಬಣ್ಣಗಳಿಗೆ ಅವರು ಕೊಡುವ ಅರ್ಥ ಹೀಗೆ: ಕೆಂಪು ಯೇಸುಸ್ವಾಮಿಯ ರಕ್ತ, ಬಿಳಿ ಅದರಿಂದ ಸಿಕ್ಕ ಶುದ್ಧತೆ. ಕಪ್ಪು ಪಾಪದ ಬಣ್ಣ ಅಂತ ಕೆಲವರು, ಅಲ್ಲ, ನಮ್ಮ ಮೈಯ ಬಣ್ಣ ಅಂತ ಕೆಲವರು.

ಇನ್ನು ಅವರ ಪ್ರಾರ್ಥನೆ. ಮುಂದಾಳು ಒಂದು ವಿಷಯ ಹೇಳುತ್ತಾರೆ. ಒಡನೆ ಎಲ್ಲರೂ ಮೊಣಕಾಲೂರಿ ಒಟ್ಟಿಗೇ, ಗಟ್ಟಿಯಾಗಿ, ತಮ್ಮ ತಮ್ಮ ಮಾತಿನಲ್ಲಿ ಪ್ರಾರ್ಥಿಸುತ್ತಾರೆ. ಖೋಸಾ, ಜುಲು, ಸೋಥೊ ಎಲ್ಲ ಕಲಸಿಹೋಗುತ್ತವೆ. ಅಳು ಬರುತ್ತದೆ. ಯಾರೂ ಯಾರನ್ನೂ ಸಮಾಧಾನ ಮಾಡುವುದಿಲ್ಲ. ಅಳುವುದಕ್ಕೇ ಬಂದದ್ದು ತಾನೆ? ಸದ್ದು ಏರಿ ಏರಿ, ಎಲ್ಲೋ ಮೂಲೆಯಿಂದ ಒಬ್ಬರು ಹಾಡಿನ ಮೊದಲ ಸಾಲು ಎತ್ತುತ್ತಾರೆ. ಹಾಡಿನ ಪುಸ್ತಕದ ಮೇಲೆ ಅಂಗೈಯಿಂದ ಬಡಿದು ತಾಳ ಹಾಕುತ್ತಾರೆ. ಪ್ರಾರ್ಥನೆ ಹಾಡಿನೊಳಗೆ ಕರಗಿ ನಿಲ್ಲುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಎದ್ದು ಸಾಕ್ಷಿ ಹೇಳುತ್ತಾರೆ, ಅಂದರೆ ತಮ್ಮ ಬಾಳಿನ ಕಷ್ಟ, ದೇವರ ಸಹಾಯ ಹೇಳಿಕೊಳ್ಳುತ್ತಾರೆ. ಒಂದು ವಚನ ಹಿಡಿದು ಪ್ರಸಂಗವನ್ನೂ, ಅಂದರೆ ಉಪದೇಶವನ್ನೂ ಮಾಡುತ್ತಾರೆ. ಭಾನುವಾರ ಪುಲ್ಪಿಟ್ (ಉಪದೇಶದ ಪೀಠ) ಹತ್ತಿರವೂ ಸುಳಿಯದ ಹೆಂಗಸರು ಇವರು.

ಇದು ಶುರುವಾದ ಬಗೆ ಹೇಳದೆ ಮುಂದೆ ಹೋದರೆ ಪ್ರಕರಣ ಅರ್ಥವಾಗುವುದಿಲ್ಲ. 1907ರಲ್ಲಿ ಪೊಚೆಫ್‌ಸ್ಟ್ರೂಮ್ ಊರಿನಲ್ಲಿ ಅಲ್ಲಿನ ಆಫ್ರಿಕನ್ ಸಭಾಪಾಲಕರ ಹೆಂಡತಿ ಶ್ರೀಮತಿ ಗ್ಕೋಶೋ ಅವರು ಹೆಂಗಸರನ್ನು ಕೂಡಿಸಿ ತಮ್ಮ ಸಂಸಾರಗಳಿಗಾಗಿ ಪ್ರಾರ್ಥಿಸಲು ತೊಡಗಿದರು. ಟ್ರಾನ್ಸ್‌ವಾಲ್ (ಆಗ ಜೊಹಾನ್ಸ್‌ಬರ್ಗ್ ಇದ್ದ ಪ್ರಾಂತ) ಕಡೆಯ ಮೆಥೊಡಿಸ್ಟ್ ಮನ್ಯಾನೊದ ಕಥೆ ಅಲ್ಲಿಂದ ಶುರುವಾಗುತ್ತದೆ. ಪೂರ್ವ ಕರಾವಳಿಯ ನಟಾಲ್‌ನಲ್ಲಿ ಅಮೆರಿಕನ್ ಮಿಷನ್ನಿನ ಸಭೆಗಳಲ್ಲಿ 1912ರಲ್ಲಿ ಇಂಥದೇ ಒಂದು ಕೂಟ ಹುಟ್ಟಿತು. ಅದರ ಹೆಸರು ಇಸಿಲಿಲೊ. ಜುಲುವಿನಲ್ಲಿ ಗೋಳಾಟ, ರೋದನ ಅಂತ ಅರ್ಥ. ಗಂಡಸರು ಗಣಿಗಳಿಗೆ ಹೋಗುತ್ತಿದ್ದ ಕಾಲ, ಊರು ಬಿಟ್ಟ ಸಂಸಾರಗಳು, ಮದುವೆಗೆ ಮುಂಚೆ ಬಸಿರಾಗುತ್ತಿದ್ದ ಹೆಣ್ಣುಮಕ್ಕಳು. ತಾಯಂದಿರು ಒಟ್ಟಿಗೆ ಕೂತು ಅತ್ತರು. ಮಿಷನರಿ ಹೆಂಗಸರು ಹೊಲಿಗೆ, ಅಡಿಗೆ, ಸತ್ಯವೇದ ಓದು ಕಲಿಸುವ ತರಗತಿಗಳನ್ನು ನಡೆಸುತ್ತಿದ್ದರು. ಅಲ್ಲಿಗೆ ಬಂದ ಆಫ್ರಿಕನ್ ಹೆಂಗಸರಿಗೆ ಹೊಲಿಗೆಗಿಂತ ಪ್ರಾರ್ಥನೆ ಬೇಕಿತ್ತು, ಕೂತು ಕೇಳುವುದಕ್ಕಿಂತ ನಿಂತು ಮಾತಾಡುವುದು ಬೇಕಿತ್ತು. ಯೂನಿಫಾರ್ಮ್ ಬಂದದ್ದು ಅದಾದ ಕೆಲವೇ ವರ್ಷಗಳಲ್ಲಿ. ನನ್ನ ಪ್ರಕಾರ ಮಿಷನ್ ಚರ್ಚುಗಳ ಇತಿಹಾಸದಲ್ಲಿ ಹೆಂಗಸರು ಯಾರನ್ನೂ ಕೇಳದೆ ತಮ್ಮದೇ ಕೈಯಿಂದ ಕಟ್ಟಿಕೊಂಡ ದೊಡ್ಡ ಮನೆ ಇದು.

ಗುರುವಾರ ಯಾಕೆ? ಮೊದಮೊದಲು ಜೊಹಾನ್ಸ್‌ಬರ್ಗ್‌ನಲ್ಲಿ ಮನೆಗೆಲಸಕ್ಕೆ ಇದ್ದವರು ಕಪ್ಪು ಗಂಡಸರೇ ಜಾಸ್ತಿ. ಹೆಂಗಸರು ಆ ಕೆಲಸಕ್ಕೆ ಹೆಚ್ಚಾಗಿ ಬಂದದ್ದು ಆಮೇಲೆ. ಹಾಗೆ ಬಂದವರಿಗೆ ವಾರದಲ್ಲಿ ಸಿಗುತ್ತಿದ್ದ ಬಿಡುವು ಗುರುವಾರ ಮಧ್ಯಾಹ್ನ. ಆ ದಿನಕ್ಕೆ ‘ಶೀಲಾಸ್ ಡೇ’ ಅಂತಲೇ ಹೆಸರು ಬಿದ್ದಿತ್ತು. ಶೀಲಾ ಅಂದರೆ ಇಂಥವಳು ಅಂತಲ್ಲ, ಮನೆಗೆಲಸದವಳು ಅಂತ. ವಾರಕ್ಕೆ ಸಿಕ್ಕ ಆ ಅರ್ಧ ದಿನವನ್ನು ಮಲಗಿ ಕಳೆಯಬಹುದಿತ್ತು. ಇವರು ಕೆಂಪು ಜಾಕೆಟ್ ಇಸ್ತ್ರಿ ಮಾಡಿಕೊಂಡು ಪ್ರಾರ್ಥನೆಗೆ ಹೊರಟರು.

ವರ್ಣಭೇದದ ಕಾಲದಲ್ಲಿ ಇದಕ್ಕೂ ಕುತ್ತು ಬಂತು. 1957ರ ಒಂದು ಕಾನೂನಿನಲ್ಲಿ, ಬಿಳಿಯರ ಬಡಾವಣೆಯ ಚರ್ಚುಗಳಿಗೆ ಕಪ್ಪು ಜನ ಹೋಗದಂತೆ ಸರ್ಕಾರ ತಡೆಯಬಹುದು ಅನ್ನುವ ಕಲಂ ಸೇರಿಸಿದರು. ಚರ್ಚುಗಳು ಎದುರು ನಿಂತವು. ಮರುವರ್ಷ, 1958ರಲ್ಲಿ, ಮೆಥೊಡಿಸ್ಟ್ ಕಾನ್ಫರೆನ್ಸ್ (ಆ ಪಂಗಡದ ಆಡಳಿತ ಮಂಡಳಿ) ತನ್ನ ಸಭೆ ಒಂದೇ, ಒಡೆಯದ್ದು ಅಂತ ಘೋಷಿಸಿತು. 1963ರಲ್ಲಿ ಸೆಥ್ ಮೋಕಿಟಿಮಿ ಅವರನ್ನು ಅಧ್ಯಕ್ಷರಾಗಿ ಆರಿಸಿತು, ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ಮನುಷ್ಯ. ಕಾಗದದ ಮೇಲೆ ಸಭೆ ಒಂದಾಯಿತು. ಹೆಂಗಸರ ಕೂಟಗಳು ಮಾತ್ರ ಬೇರೆ ಬೇರೆಯೇ ಉಳಿದವು. ಮನ್ಯಾನೊ ಒಂದು, ಬಿಳಿಯ ಹೆಂಗಸರದ್ದು ಒಂದು.

ಈಗ ನಮ್ಮ ಸಭೆಗೆ ಬರುತ್ತೇನೆ.

ಆಗಸ್ಟ್ ತಿಂಗಳು. ಆಗಸ್ಟ್ 9 ಆ ದೇಶದಲ್ಲಿ ಮಹಿಳಾ ದಿನ, ಸರ್ಕಾರಿ ರಜೆ. 1956ರಲ್ಲಿ ಅದೇ ದಿನ ಸುಮಾರು 20,000 ಹೆಂಗಸರು ಕಪ್ಪು ಜನ ಸದಾ ಜೊತೆಯಲ್ಲಿಟ್ಟುಕೊಳ್ಳಬೇಕಿದ್ದ ಪಾಸ್ ಪುಸ್ತಕದ ಕಾನೂನಿನ ವಿರುದ್ಧ ಪ್ರಿಟೋರಿಯಾದ ಸರ್ಕಾರಿ ಕಟ್ಟಡಕ್ಕೆ ನಡೆದಿದ್ದರು. ಆ ತಿಂಗಳ ಹುರುಪಿನಲ್ಲಿ ಸಭಾ ಹಿರಿಯರ ಮುಂದೆ ಒಂದು ಸಲಹೆ ಬಂತು. ಸಭೆ ಒಂದು ಅಂತೀವಿ, ಹೆಂಗಸರ ಕೂಟ ಎರಡು ಯಾಕೆ? ಭಾನುವಾರ ಒಂದೇ ಬೆಂಚಿನಲ್ಲಿ ಕೂತವರು ವಾರದಲ್ಲಿ ಒಬ್ಬರ ಮುಖ ಒಬ್ಬರು ನೋಡದಿರುವುದು ಸರಿಯಾ? ಹೊರಗೆ ಹೇಳದ ಇನ್ನೊಂದು ಕಾರಣವೂ ಇತ್ತು. ಎರಡು ಹಾಲ್, ಎರಡು ದಿನದ ಕರೆಂಟು, ಕಾವಲುಗಾರನ ಹೆಚ್ಚು ಸಮಯ, ಎಲ್ಲವೂ ಖರ್ಚು.

ಅಯ್ಯನವರು, ಅಂದರೆ ಸಭಾಪಾಲಕರು, ಬಿಳಿಯ ಮನುಷ್ಯ, ನಲವತ್ತರ ಆಸುಪಾಸು, ಮನಸ್ಸು ತುಂಬಾ ಒಳ್ಳೆಯದು. ಒಪ್ಪಿದರು. ಅವರ ಹೆಂಡತಿ ಆಫೀಸಿಗೆ ಹೋಗುವವರು, ಎರಡೂ ಕೂಟದಲ್ಲಿ ಇರಲಿಲ್ಲ. ಸಾಮಾನ್ಯವಾಗಿ ಮನ್ಯಾನೊಗೆ ಅಯ್ಯನವರ ಹೆಂಡತಿಯೇ ಮುಂದಾಳು, ನಮ್ಮ ಕಡೆ ಸ್ತ್ರೀಯರ ಕೂಟಕ್ಕೆ ಅಮ್ಮನವರು ಇದ್ದಂತೆ. ಇಲ್ಲಿ ಆ ಜಾಗದಲ್ಲಿ ಒಬ್ಬ ಹಿರಿಯ ಹೆಂಗಸಿದ್ದರು. ಮೂವತ್ತು ವರ್ಷ ಮೂರು ಮನೆಗಳಲ್ಲಿ ಅಡಿಗೆ ಮಾಡಿದವರು. ಎಲ್ಲರೂ ಅವರನ್ನು ಮಾಮಾ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ಸಿಸಿ ಅನ್ನುತ್ತಿದ್ದರು, ಅಂದರೆ ಅಕ್ಕತಂಗಿ. ಸಲಹೆ ಕೇಳಿದಾಗ ಅವರು ಬೇಡ ಅನ್ನಲಿಲ್ಲ. “ಪ್ರಾರ್ಥನೆ ಮಾಡುತ್ತೇವೆ, ಮ್ಫುಂದಿಸಿ” ಅಂದರು. ಮ್ಫುಂದಿಸಿ ಅಂದರೆ ಅಯ್ಯನವರು. ನಾವು ಅದನ್ನು ಒಪ್ಪಿಗೆ ಅಂತ ಬರೆದುಕೊಂಡೆವು. ನಡಾವಳಿಯಲ್ಲಿ ‘ಎರಡೂ ಕಡೆಯವರು ಒಪ್ಪಿದ್ದಾರೆ’ ಅನ್ನುವ ಸಾಲು ನನ್ನ ಕೈಬರಹದಲ್ಲೇ ಇದೆ.

ತೀರ್ಮಾನ ಹೀಗಾಯಿತು. ಆರು ಶನಿವಾರ ಪ್ರಯೋಗ. ಬೆಳಿಗ್ಗೆ ಹತ್ತಕ್ಕೆ, ದೊಡ್ಡ ಹಾಲ್‌ನಲ್ಲಿ, ಎಲ್ಲರಿಗೂ ಬರುವ ಭಾಷೆ ಅಂತ ಇಂಗ್ಲಿಷ್‌ನಲ್ಲಿ. ಯೂನಿಫಾರ್ಮ್ ಇಷ್ಟ ಇದ್ದವರು ಹಾಕಿಕೊಳ್ಳಬಹುದು. ಆ ಆರು ವಾರ ಬುಧವಾರವೂ ಇಲ್ಲ, ಗುರುವಾರವೂ ಇಲ್ಲ. ಇಬ್ಬರೂ ಸಮನಾಗಿ ಬಿಟ್ಟುಕೊಟ್ಟರು ಅಂತ ನಮಗೆ ಸಮಾಧಾನ.

ಮೊದಲ ಶನಿವಾರ ಹಾಲ್ ತುಂಬಿತ್ತು. ಕೇಕು ಬಂದಿತ್ತು, ಫೋಟೋ ತೆಗೆದೆವು. ಎರಡನೆಯ ವಾರ ಒಂದಿಷ್ಟು ಕಡಿಮೆ. ಆರನೆಯ ಶನಿವಾರ ಕೆಂಪು ಜಾಕೆಟ್ ಎಣಿಸಿದೆ. ನಾಲ್ಕು.

ಯಾಕೆ ಬರಲಿಲ್ಲ ಅಂತ ತಿಳಿಯಲು ನಾನೇ ಒಂದು ಪ್ರಶ್ನೆಪತ್ರ ಮಾಡಿದೆ. ಇಂಗ್ಲಿಷ್‌ನಲ್ಲಿ, ಟಿಕ್ ಹಾಕುವ ಚೌಕಗಳಿಟ್ಟು. ಸಮಯ ಅನುಕೂಲ ಇಲ್ಲ, ದೂರ, ಭಾಷೆ, ಇತರೆ. ಬಹಳ ಜನ ‘ಸಮಯ’ಕ್ಕೆ ಟಿಕ್ ಹಾಕಿ ಕೊಟ್ಟರು. ಸರಿ, ಸಮಯ ಬದಲಾಯಿಸೋಣ ಅಂತ ನಾವು ಗಡಿಯಾರ ನೋಡಲು ಕೂತೆವು. ತಪ್ಪಿದ್ದು ಅಲ್ಲೇ. ಆ ಟಿಕ್ ಸುಳ್ಳಲ್ಲ, ಆದರೆ ಒಳಗಿನ ಮಾತು ಪೂರ್ತಿ ಬೇರೆ ಇತ್ತು. ನನಗೆ ಅದು ತಿಳಿದದ್ದು ಮೂರು ಬೇರೆ ಬೇರೆ ಕಡೆಯಿಂದ.

ಮೊದಲನೆಯದು ಸಾವು. ದಕ್ಷಿಣ ಆಫ್ರಿಕಾದ ಕಪ್ಪು ಜನರಲ್ಲಿ ಶವಸಂಸ್ಕಾರ ಸಾಮಾನ್ಯವಾಗಿ ಶನಿವಾರ ಬೆಳಿಗ್ಗೆ. ದೂರದ ನೆಂಟರು ಬಂದು ಸೇರಬೇಕಲ್ಲ, ಅದಕ್ಕೆ. ಶುಕ್ರವಾರ ರಾತ್ರಿ ಜಾಗರಣೆ, ಶನಿವಾರ ಮಣ್ಣು. ಮನ್ಯಾನೊದ ಸದಸ್ಯೆಯೋ ಅವಳ ಮನೆಯವರೋ ತೀರಿಕೊಂಡರೆ ಕೆಂಪು ಜಾಕೆಟ್‌ನವರು ಅಲ್ಲಿರಲೇಬೇಕು. ನಾವು ಆರಿಸಿದ ಶನಿವಾರ ಹತ್ತು ಗಂಟೆ ಅಂದರೆ ಅವರ ಸ್ಮಶಾನದ ಹೊತ್ತು. ಒಂದು ವರ್ಷ ಆ ಊರಿನಲ್ಲಿದ್ದೂ ನನಗೆ ಅದು ತಲೆಗೆ ಹೊಳೆದಿರಲಿಲ್ಲ.

ಮಾಮಾ ನನ್ನನ್ನು ಒಂದು ಜಾಗರಣೆಗೆ ಕರೆದುಕೊಂಡು ಹೋದರು. ಅಲೆಕ್ಸಾಂಡ್ರಾದಲ್ಲಿ, ಎರಡು ಕೋಣೆಯ ಮನೆ, ಅಂಗಳಕ್ಕೆ ಟಾರ್ಪಾಲು ಕಟ್ಟಿದ್ದರು. ಒಳಗಿನ ಕೋಣೆಯಲ್ಲಿ ಸಾಮಾನೆಲ್ಲ ತೆಗೆದು ಚಾಪೆ, ಹಾಸಿಗೆ ಹಾಸಿ ಸತ್ತವಳ ತಂಗಿಯನ್ನು ಕೂರಿಸಿದ್ದರು, ಸುತ್ತ ಕಂಬಳಿ ಹೊದ್ದ ಹೆಂಗಸರು. ಹೊರಗೆ ದೊಡ್ಡ ಕಬ್ಬಿಣದ ಪಾತ್ರೆಯಲ್ಲಿ ಮಾಂಸ ಬೇಯುತ್ತಿತ್ತು. ಶವದ ಪೆಟ್ಟಿಗೆಯ ಮೇಲೆ ಸತ್ತವಳ ಕೆಂಪು ಜಾಕೆಟ್, ಅದರ ಮೇಲೆ ಟೋಪಿ. ರಾತ್ರಿಯಿಡೀ ಹಾಡು, ಮಧ್ಯೆ ಮಧ್ಯೆ ಒಬ್ಬೊಬ್ಬರ ಪ್ರಸಂಗ. ಎರಡು ಗಂಟೆ ರಾತ್ರಿಯಲ್ಲಿ ಮಾಮಾ ಮೂಲೆಯಲ್ಲಿ ಕೂತು ಬಿಸ್ಕತ್ತಿನ ತಗಡಿನ ಡಬ್ಬಿ ತೆರೆದರು. ಒಳಗೆ ರಬ್ಬರ್ ಬ್ಯಾಂಡ್ ಸುತ್ತಿದ ನೋಟುಗಳು, ಶಾಲಾ ಮಕ್ಕಳ ನೋಟ್‌ಬುಕ್ಕು. ತಿಂಗಳಿಗೆ ಒಬ್ಬೊಬ್ಬರು ಹಾಕುತ್ತಿದ್ದದ್ದು ಅಲ್ಲಿನ ಹಣ ಇಪ್ಪತ್ತು ರ‍್ಯಾಂಡ್. ಬೆರಳು ನೆಕ್ಕಿ ಎಣಿಸಿ ಸತ್ತವಳ ತಂಗಿಯ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡರು. ಪೆಟ್ಟಿಗೆಯವನಿಗೆ ಬಾಕಿ ಕೊಡಬೇಕಿತ್ತು.

ನಮ್ಮ ಪ್ರಯೋಗದ ಕಾಗದದಲ್ಲಿ ‘ಎರಡೂ ಕೂಟದ ಹಣ ಸಭೆಯ ಖಾತೆಗೆ’ ಅಂತ ಒಂದು ಸಾಲಿತ್ತು. ಸಭೆಯ ಖಾತೆಯಿಂದ ಹಣ ತೆಗೆಯಲು ಎರಡು ಸಹಿ ಬೇಕು, ಅದಕ್ಕೆ ಮೊದಲು ಸಮಿತಿ ಕೂಡಬೇಕು. ರಾತ್ರಿ ಎರಡು ಗಂಟೆಗೆ ಅದು ಆಗುವ ಮಾತಾ? ಲೆಕ್ಕ ಪಾರದರ್ಶಕವಾಗಿರಲಿ ಅಂತ ಆ ಸಾಲು ಸೇರಿಸಿದ್ದು. ಮಾಮಾನ ನೋಟ್‌ಬುಕ್ಕನ್ನು ನಾನು ಆಮೇಲೆ ನೋಡಿದೆ. ಒಂದು ರ‍್ಯಾಂಡ್ ಹೆಚ್ಚುಕಡಿಮೆ ಇರಲಿಲ್ಲ.

ಎರಡನೆಯದು ಪ್ರಾರ್ಥನೆಯ ಕ್ರಮ. ಶನಿವಾರದ ಕೂಟದಲ್ಲಿ ಕುರ್ಚಿ ಗುಂಡಗೆ ಹಾಕಿ, ಕಾಗದ ಹಂಚಿ, ಒಬ್ಬರಾದ ಮೇಲೆ ಒಬ್ಬರು ಮೆಲ್ಲಗೆ ಪ್ರಾರ್ಥಿಸುತ್ತಿದ್ದೆವು. ಸಾಕ್ಷಿಗೆ ಐದು ನಿಮಿಷ. ಮೂರನೆಯ ವಾರ ಒಬ್ಬ ತಾಯಿ ಎದ್ದು ಮಗನ ವಿಷಯ ಹೇಳುತ್ತಾ ಅತ್ತಳು. ಪಕ್ಕದ ಬಿಳಿಯ ಅಜ್ಜಿ ಪ್ರೀತಿಯಿಂದಲೇ ಅವಳ ಭುಜ ತಟ್ಟಿ, ಟಿಶ್ಯೂ ಕೊಟ್ಟು, ನೀರು ತಂದು ಕೂರಿಸಿದರು. ಅವಳು ಕೂತಳು. ಆಮೇಲೆ ಬರಲಿಲ್ಲ. ಮಾಮಾನ ಹತ್ತಿರ ಕೇಳಿದಾಗ ಹೇಳಿದರು: “ಸಿಸಿ, ಅವಳ ಅಳು ಇನ್ನೂ ಮುಗಿದಿರಲಿಲ್ಲ. ಮುಗಿಯುವ ಮುಂಚೆ ಒರೆಸಿಬಿಟ್ಟಿರಿ.”

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದನ್ನು ಯಾರೂ ಯಾವ ಚೌಕದಲ್ಲೂ ಬರೆದಿರಲಿಲ್ಲ. ಬುಧವಾರದ ಹೆಂಗಸರಲ್ಲಿ ಹಲವರ ಮನೆಯಲ್ಲಿ ಗುರುವಾರದ ಹೆಂಗಸರು ಕೆಲಸ ಮಾಡುತ್ತಿದ್ದರು.

ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗುಟ್ಟೇನಲ್ಲ. ಆದರೂ ಇದರ ಅರ್ಥ ಏನು ಅಂತ ನಾವು ಯೋಚಿಸಲೇ ಇಲ್ಲ. ಗುರುವಾರದ ಸಾಕ್ಷಿಗಳಲ್ಲಿ ಏನಿರುತ್ತಿತ್ತು? ಮ್ಯಾಡಮ್ ಮನೆಗೆ ನೆಂಟರು ಬಂದರು, ಭಾನುವಾರವೂ ಬಿಡಲಿಲ್ಲ. ಟೀ ಕಪ್ ಒಡೆದದ್ದಕ್ಕೆ ಸಂಬಳದಲ್ಲಿ ಹಿಡಿದರು. ಮಗಳ ಶಾಲೆಯ ಫೀಸಿಗೆ ಸಾಲ ಕೇಳಲೋ ಬೇಡವೋ, ದೇವರೇ ಬಾಯಿ ಕೊಡು. ಬಾಸ್ ರಾತ್ರಿ ಕುಡಿದು ಹಿತ್ತಿಲ ಕೋಣೆಯ ಬಾಗಿಲು ಬಡಿದ. ಮನೆಗೆಲಸದವರಿಗೆ ಕನಿಷ್ಠ ಸಂಬಳ, ಕೆಲಸದ ಗಂಟೆ ಗೊತ್ತುಮಾಡಿದ ಸರ್ಕಾರಿ ನಿಯಮ 2002ರಲ್ಲೇ ಬಂದಿದೆ. ನಿಯಮ ಇದೆ ಅಂತ ಬಹಳ ಹೆಂಗಸರಿಗೆ ತಿಳಿದದ್ದು ಇದೇ ಹಿಂದಿನ ಹಾಲ್‌ನಲ್ಲಿ, ಒಬ್ಬರ ಸಾಕ್ಷಿಗೆ ಇನ್ನೊಬ್ಬರು ಕೊಟ್ಟ ಉತ್ತರದಲ್ಲಿ. ಈಗ ಶನಿವಾರ ಬೆಳಿಗ್ಗೆ, ಅದೇ ಮ್ಯಾಡಮ್ ಎದುರಿನ ಕುರ್ಚಿಯಲ್ಲಿ ನಗುನಗುತ್ತಾ ಕೂತು “ನಿನ್ನ ಹೊರೆ ಹೇಳಿಕೋ, ತಂಗಿ” ಅಂದರೆ ಏನು ಹೇಳಿಕೊಳ್ಳುವುದು?

ನನಗೂ ಅದು ತಾಗಿತು. ನಮ್ಮ ಮನೆಗೂ ವಾರಕ್ಕೆ ಎರಡು ದಿನ ಒಬ್ಬರು ಬರುತ್ತಿದ್ದರು. ಅವರೂ ಮನ್ಯಾನೊದವರು. ಅವರು ಮೂರು ಶನಿವಾರ ನನ್ನ ಎದುರಿನ ಕುರ್ಚಿಯಲ್ಲೇ ಕೂತಿದ್ದರು, ಒಂದು ಮಾತೂ ಆಡಿರಲಿಲ್ಲ. ನಾಚಿಕೆ ಸ್ವಭಾವ ಅಂದುಕೊಂಡಿದ್ದೆ. ಅಲೆಕ್ಸಾಂಡ್ರಾದ ಆ ಜಾಗರಣೆಯಲ್ಲಿ ಅದೇ ಹೆಂಗಸು ಅರ್ಧ ಗಂಟೆ ನಿಂತು ಪ್ರಸಂಗ ಮಾಡಿದ್ದನ್ನು ನೋಡಿದೆ. ಅಂಗಳದಲ್ಲಿದ್ದ ಗಂಡಸರು ಕೂಡ ಟೋಪಿ ತೆಗೆದು ಕೇಳುತ್ತಿದ್ದರು.

ಮರುವಾರ ಸಭಾ ಹಿರಿಯರ ಮುಂದೆ ವರದಿ ಇಟ್ಟೆ. ಪ್ರಶ್ನೆಪತ್ರದ ಎಣಿಕೆ ಪಕ್ಕಕ್ಕಿಟ್ಟು ಈ ಮೂರನ್ನೂ ಹೇಳಿದೆ. ಮೂರನೆಯದನ್ನು ಹೇಳುವಾಗ ಕೋಣೆ ನಿಶ್ಶಬ್ದವಾಯಿತು. ಒಬ್ಬ ಹಿರಿಯ ಬಿಳಿಯ ಹೆಂಗಸಿಗೆ ಕಣ್ಣೀರು ಬಂತು, ನಾವು ಅವರನ್ನು ಸ್ವಂತ ಮನೆಯವರ ಹಾಗೆ ನೋಡಿಕೊಳ್ಳುತ್ತೇವೆ ಅಂದರು. ಅದು ನಿಜವೂ ಹೌದು. ಮಾಮಾ ಮೆತ್ತಗೆ ಹೇಳಿದರು: “ಹೌದು ಮಾ. ಆದರೆ ಮನೆಯವರಿಗೂ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಬೇಕಲ್ಲ.”

ಸೇರಿಸುವ ಪ್ರಸ್ತಾಪ ಅಲ್ಲಿಗೆ ಬಿದ್ದುಹೋಯಿತು. ಒಬ್ಬಿಬ್ಬರು ಕಪ್ಪು ಯುವತಿಯರು ಇದಕ್ಕೆ ಒಪ್ಪಲಿಲ್ಲ, ಅದನ್ನೂ ಬರೆಯಬೇಕು. ಬೇರೆ ಬೇರೆ ಇರುವುದು ವರ್ಣಭೇದದ ಪಳೆಯುಳಿಕೆ, ನೀವೇ ಅದನ್ನು ಕಾಪಾಡುತ್ತಿದ್ದೀರಿ ಅಂತ ಅವರ ವಾದ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಮೇಲಿನವನು ಹೊರಗಟ್ಟಿ ಮಾಡಿದ ಬೇರೆತನಕ್ಕೂ ಕೆಳಗಿನವಳು ಉಸಿರಾಡಲು ಉಳಿಸಿಕೊಂಡ ಜಾಗಕ್ಕೂ ತುಂಬಾ ವ್ಯತ್ಯಾಸ ಇದೆ. ಮೊದಲನೆಯದನ್ನು ಸರಿಮಾಡುವ ಹುಮ್ಮಸ್ಸಿನಲ್ಲಿ ಎರಡನೆಯದನ್ನು ಕಿತ್ತುಕೊಳ್ಳುವುದು ಅನ್ಯಾಯ ಅಂತ ನಾನು ನಂಬುತ್ತೇನೆ.

ಬದಲಿಗೆ ಏನು ಮಾಡಿದೆವು ಅಂದರೆ, ಗುರುವಾರ ಮಧ್ಯಾಹ್ನ ಮನ್ಯಾನೊಗೇ ಅಂತ ದೊಡ್ಡ ಹಾಲ್ ಗೊತ್ತುಮಾಡಿದೆವು. ಅದರ ಕೀಲಿಕೈ ಮಾಮಾನ ಕೈಗೆ ಕೊಟ್ಟೆವು. ಅದುವರೆಗೆ ಅವರು ಪ್ರತಿ ವಾರ ಕಾವಲುಗಾರನನ್ನು ಹುಡುಕಿ, ಕಾದು, ಬಾಗಿಲು ತೆರೆಸಿಕೊಳ್ಳಬೇಕಿತ್ತು. ಬುಧವಾರದ ಕೂಟದಲ್ಲಿ ನಮಗೆ ಮೊದಲಿನಿಂದಲೂ ನಮ್ಮದೇ ಕೀಲಿ ಇತ್ತು! ಹಣದ ಡಬ್ಬಿ ಅವರದ್ದೇ. ಸೇರಬೇಕು ಅನ್ನುವ ಆಸೆ ಇದ್ದರೆ ಮೂರು ತಿಂಗಳಿಗೊಮ್ಮೆ ಬುಧವಾರದವರು ಗುರುವಾರಕ್ಕೆ ಹೋಗುವುದು, ಅತಿಥಿಗಳಾಗಿ, ಅವರ ಕ್ರಮದಲ್ಲಿ. ಉಳಿದ ಗುರುವಾರಗಳಲ್ಲಿ ಯಾವ ಮ್ಯಾಡಮ್ಮೂ ಬರಬಾರದು, ನಾನೂ ಸೇರಿ. ಇನ್ನೊಂದು ಮಾತು ಅಯ್ಯನವರೇ ಪುಲ್ಪಿಟ್ ಮೇಲಿಂದ ಹೇಳಿದರು. ಗುರುವಾರ ಒಂದೂವರೆಯ ಮೇಲೆ ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಕೆಲಸ ಹಚ್ಚಬೇಡಿ, ಸಂಬಳ ಹಿಡಿಯಬೇಡಿ.

ಎಲ್ಲ ಸರಿಹೋಯಿತಾ ಅಂದರೆ, ಇಲ್ಲ. ಎರಡು ಸಮಸ್ಯೆ ಹಾಗೇ ಉಳಿದವು. ಒಂದು, ಮಕ್ಕಳ ತಲೆಮಾರು. ಮನೆಗೆಲಸದವರ ಮಕ್ಕಳು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕಾಲ್ ಸೆಂಟರಿನಲ್ಲಿ ಇದ್ದಾರೆ. ಅವರಿಗೆ ಗುರುವಾರ ಬಿಡುವಿಲ್ಲ. ಅವರಿಗಾಗಿ ಭಾನುವಾರ ಮಧ್ಯಾಹ್ನ ಇನ್ನೊಂದು ಕೂಟ ಶುರುಮಾಡುವ ಮಾತು ನಾವು ಹೊರಡುವವರೆಗೂ ಮಾತಾಗಿಯೇ ಇತ್ತು.

ಇನ್ನೊಂದು ನನಗೆ ಇಂದಿಗೂ ಒಪ್ಪಿಗೆಯಿಲ್ಲದ್ದು. ಮನ್ಯಾನೊದ ಒಬ್ಬ ತಾಯಿಯ ಹದಿನೇಳು ವರ್ಷದ ಮಗಳು ಮದುವೆಯಾಗದೆ ಬಸಿರಾದಳು. ಹಳೆಯ ಕಾಲದಿಂದ ಬಂದ ಒಂದು ಕಟ್ಟಳೆ ಇನ್ನೂ ಜೀವಂತ ಇತ್ತು. ತಾಯಿ ತನ್ನ ಜಾಕೆಟ್ ಬಿಚ್ಚಿ ಕೊಡಬೇಕು, ಕೆಲವು ಕಾಲ ಹಿಂದಿನ ಸಾಲಿನಲ್ಲಿ ಸಾದಾ ಬಟ್ಟೆಯಲ್ಲಿ ಕೂರಬೇಕು. ಆ ಹೆಂಗಸು ಒಂದು ಮಾತಾಡದೆ ಮಡಚಿ ಕೊಟ್ಟಳು. ಬುಧವಾರದವರಿಗೆ ಗೊತ್ತಾಗಿ ಸಿಟ್ಟು ಬಂತು. ನೋಡಿ, ಇದಕ್ಕೇ ಒಂದೇ ಕೂಟ ಆಗಬೇಕಿತ್ತು ಅಂದರು. ನನಗೂ ಸಿಟ್ಟು. ಮಗಳು ಮಾಡಿದ್ದಕ್ಕೆ ತಾಯಿಗೆ ಯಾಕೆ? ಆ ಹುಡುಗನ ತಾಯಿಗೂ ಇಲ್ಲದ ಶಿಕ್ಷೆ ಇವಳಿಗೆ ಯಾಕೆ? ಮಾಮಾನ ಮನೆಗೆ ಹೋಗಿ ಜಗಳವನ್ನೇ ಆಡಿದೆ. ಅವರು ಕೇಳಿಸಿಕೊಂಡರು, ಟೀ ಕೊಟ್ಟರು, “ನಿನ್ನ ಮಾತು ಗುರುವಾರ ಎಲ್ಲರ ಮುಂದೆ ಇಡುತ್ತೇನೆ” ಅಂದರು. ಇಟ್ಟರು. ಮೂರು ಗುರುವಾರ ಚರ್ಚೆಯಾಯಿತು ಅಂತ ಕೇಳಿದೆ. ಕಟ್ಟಳೆ ತೆಗೆಯಲಿಲ್ಲ. ಅವಧಿ ಅರ್ಧಕ್ಕೆ ಇಳಿಸಿದರು.

ನಾವು ಊರು ಬಿಡುವುದಕ್ಕೆ ಹತ್ತು ದಿನ ಮುಂಚೆ ಮೂರು ತಿಂಗಳ ಜಂಟಿ ಗುರುವಾರ ಬಂತು. ಬುಧವಾರದವರು ಎಂಟು ಜನ ಹೋದೆವು. ಹಾಡು ಮುಗಿದ ಮೇಲೆ ಮಾಮಾ ಹಿಂದಿನ ಸಾಲಿನಿಂದ ಆ ತಾಯಿಯನ್ನು ಕರೆದರು. ತಮ್ಮ ಚೀಲದಿಂದ ಅವಳ ಜಾಕೆಟ್ ತೆಗೆದರು. ಇಷ್ಟು ತಿಂಗಳು ಅದು ಅವರ ಬೀರುವಿನಲ್ಲೇ ಇತ್ತು. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ್ದರು. ಸಡಿಲವಾಗಿದ್ದ ಒಂದು ಗುಂಡಿಯನ್ನು ಹೊಸ ದಾರದಲ್ಲಿ ಹೊಲಿದಿದ್ದರು, ದಾರದ ಬಣ್ಣ ಒಂದು ಚೂರು ಬೇರೆ. ಎರಡು ಕೈಯಲ್ಲಿ ಹಿಡಿದು ಅವಳಿಗೆ ತೊಡಿಸಿದರು. ಹಿಂದಿನ ಬೆಂಚಿನಲ್ಲಿ ಮಗಳು ಕೂಸನ್ನು ಬೆನ್ನಿಗೆ ಕಂಬಳಿಯಲ್ಲಿ ಕಟ್ಟಿಕೊಂಡು ನಿಂತಿದ್ದಳು. ಎಲ್ಲರೂ ಒಟ್ಟಿಗೇ ಪ್ರಾರ್ಥನೆ ಶುರುಮಾಡಿದರು, ಮತ್ತೆ ಆ ಗದ್ದಲ. ಶನಿವಾರ ಟಿಶ್ಯೂ ಕೊಟ್ಟಿದ್ದ ಬಿಳಿಯ ಅಜ್ಜಿ ನನ್ನ ಪಕ್ಕದಲ್ಲೇ ಇದ್ದರು. ಆ ತಾಯಿ ಜೋರಾಗಿ ಅಳುತ್ತಿದ್ದಳು. ಅಜ್ಜಿಯ ಕೈ ಕೈಚೀಲದವರೆಗೆ ಹೋಯಿತು. ಆಮೇಲೆ ಹಿಂದಕ್ಕೆ ಬಂತು.